ಅವಳು ‘ಬಿಡಿ’ ಎಂದದ್ದು ನಿನಗೆ

ಅಣ್ಣಾ,

ಕ್ಷೇಮಸಮಾಚಾರದ ಸಾಲುಗಳನ್ನು ಈ ಸಲ ಬರೆಯುವುದಿಲ್ಲ. ನಿನ್ನ ಬಿ.ಪಿ. ಎಷ್ಟಿದೆಯೆಂದು ಅತ್ತಿಗೆ ಹೇಳಿದ್ದಾರೆ. ನನ್ನ ಮಂಡಿ ಹೇಗಿದೆಯೆಂದು ನಿನಗೆ ಗೊತ್ತು. ಇವತ್ತು ಮಂಗಳವಾರ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ದ್ವೀಪದ ಪ್ರವಾಸ ಇಲಾಖೆಯ ಕಚೇರಿಯಲ್ಲಿ ನಮ್ಮ ಗೈಡ್‌ನ ವಿಚಾರಣೆ. ಆಕೆಯ ಬ್ಯಾಡ್ಜ್ ಉಳಿಯುತ್ತದೋ ಹೋಗುತ್ತದೋ ಅಂದೇ ತೀರ್ಮಾನ. ನಾನು ನಾಳೆ ಮಧ್ಯಾಹ್ನದ ಹಡಗಿಗೆ ಹೊರಡುತ್ತಿದ್ದೇನೆ. ಈ ಪತ್ರ ಕೊರಿಯರ್‌ನಲ್ಲಿ ನಾಳೆ ಬೆಳಿಗ್ಗೆಯೇ ನಿನ್ನ ಕೈ ಸೇರುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಪೂರ್ತಿಯಾಗಲು ಬಿಟ್ಟ ಉದಾಹರಣೆ ಈ ಐವತ್ತು ವರ್ಷದಲ್ಲಿ ಒಂದೂ ಇಲ್ಲ.

ಹೋದ ವಾರ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಲೇ, ಬಿಟ್ಹಾಕೇ. ಆಗಿದ್ದು ಆಗೋಯ್ತು. ಅವಳಿಗೇನು ಇನ್ನೊಂದು ಕೆಲಸ ಸಿಗಲ್ವಾ?" ಸಿಗುವುದಿಲ್ಲ, ಅಣ್ಣ. ಅಲ್ಲಿ ಬ್ಯಾಡ್ಜ್ ಇಲ್ಲದವರು ಕೋಟೆಯ ಬಾಗಿಲಲ್ಲಿ ನಿಂತು ನಾಲ್ಕು ಜನಕ್ಕೆ ನಾಲ್ಕು ಮಾತು ಹೇಳುವಂತಿಲ್ಲ. ಆ ಹಿತ್ತಾಳೆಯ ತುಂಡಿಗಾಗಿ ಆಕೆ ಎರಡು ವರ್ಷ ಓದಿದ್ದಾಳೆ, ಕಾಡಿನ ಪರೀಕ್ಷೆ ಬೇರೆ, ಇತಿಹಾಸದ ಪರೀಕ್ಷೆ ಬೇರೆ ಬರೆದಿದ್ದಾಳೆ. ಒಮ್ಮೆ ರದ್ದಾದರೆ ಮತ್ತೆ ಕೊಡುವ ನಿಯಮವೇ ಇಲ್ಲ. ನಿನಗೆ ಇದೆಲ್ಲ ಗೊತ್ತಿಲ್ಲ ಎನ್ನುವಂತಿಲ್ಲ. ಎರಡನೇ ದಿನ ಊಟದ ಮೇಜಿನಲ್ಲಿ ಆಕೆಯೇ ಹೇಳಿದಾಗ ತಲೆದೂಗಿ, "ಭೇಷ್" ಅಂದವನು ನೀನೇ.

ಆ ಪ್ರವಾಸ ನಿನ್ನ ಯೋಜನೆ. ಅಚ್ಚುಮನೆಯಿಂದ ನಾನು ನಿವೃತ್ತಳಾಗಿ ಆರು ವರ್ಷವಾಯಿತು, ಕನ್ನಡಕ ಬದಲಾಯಿಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ ಎಂದು ಛೇಡಿಸಿ ನೀನೇ ಎರಡು ಸೀಟು ಕಾದಿರಿಸಿದೆ. ಐದು ದಿನ: ಕೋಟೆ, ಗುಹೆ, ಕಾಡು, ಕಡಲು. ಅತ್ತಿಗೆಗೆ ಹಡಗನ್ನು ಚಿತ್ರದಲ್ಲಿ ಕಂಡರೂ ವಾಂತಿ, ಹಾಗಾಗಿ ಆ ಸೀಟು ನನ್ನದಾಯಿತು. ಮೊದಲ ದಿನ ಕೋಟೆಯ ಬಾಗಿಲಲ್ಲಿ ಗೈಡ್ ನಮ್ಮನ್ನು ಎಣಿಸಿದಳು. ಇದ್ದವರೇ ನಾಲ್ವರು: ನೀನು, ನಾನು, ಹಲ್ಲಿನ ಡಾಕ್ಟರು, ಅವರ ಹೆಂಡತಿ. ಆದರೂ ಬೆರಳು ಚಾಚಿ ಗಟ್ಟಿಯಾಗಿ ಒಂದು, ಎರಡು, ಮೂರು, ನಾಲ್ಕು.

"ನಾವೇನು ಕುರಿಗಳಾ ಮೇಡಂ?" ಅಂದರು ಡಾಕ್ಟರು.

"ಕುರಿಗಳಾದ್ರೆ ಚಿಂತೆ ಇರ್ಲಿಲ್ಲ ಸಾರ್. ಒಂದು ತಪ್ಪಿಸ್ಕೊಂಡ್ರೆ ಉಳಿದವು ಅರಚ್ತಾವೆ. ನೀವು ಫೋಟೋ ತೆಗೀತಾ ಇರ್ತೀರಿ."

ನಾವೆಲ್ಲ ನಕ್ಕೆವು. ನೀನೂ ನಕ್ಕೆ. ಆಮೇಲೆ ದಕ್ಷಿಣದ ಗೋಡೆಯ ಹತ್ತಿರ ನೀನು, ಇದು ಹೊರಗಿನಿಂದ ಬಂದವರು ಕಟ್ಟಿದ್ದು ಎಂದು ಡಾಕ್ಟರ ಹೆಂಡತಿಗೆ ವಿವರಿಸುತ್ತಿದ್ದಾಗ ಆಕೆ ಬಂದು ಮೆಲ್ಲಗೆ ಅಂದಳು, "ಫಲಕದಲ್ಲಿ ಹಾಗೇ ಬರೆದಿದಾರೆ ಸಾರ್. ಬರೆದೋರು ಗೋಡೆ ಹತ್ರ ಬಂದ ಹಾಗಿಲ್ಲ." ಕಲ್ಲಿನ ಮೂಲೆಯಲ್ಲಿ ಕಲ್ಲುಕುಟಿಗರು ಕೆತ್ತಿದ್ದ ಮೀನಿನ ಗುರುತು ತೋರಿಸಿದಳು. ಹಳೆಯ ಬಂದರಿನ ಕಟ್ಟೆಗೂ ಅದೇ ಗುರುತು, ಅದೇ ಕೈ. ಮಾರನೆಯ ದಿನ ಗುಹೆಯಲ್ಲಿ ನೀನು ಗೋಡೆಯ ಕೆಂಪು ಜಿಂಕೆಯ ಕೊಂಬಿನ ಮೇಲೆ ಬೆರಳಾಡಿಸಿದೆ. ಆಕೆ ಭಾಷಣ ಮಾಡಲಿಲ್ಲ. "ಸಾರ್, ಕೈ" ಅಂದಳು, ಅಷ್ಟೇ. ಡಾಕ್ಟರು ಕಿಸಕ್ಕನೆ ನಕ್ಕರು. ನೀನು ಕೈಯನ್ನು ಜೇಬಿಗೆ ಹಾಕಿಕೊಂಡವನು ವ್ಯಾನ್ ಹತ್ತುವವರೆಗೂ ತೆಗೆಯಲಿಲ್ಲ. ಆಕೆಯ ವಿರುದ್ಧ ನೀನು ಬರೆದುಕೊಟ್ಟ ಹೇಳಿಕೆಯ ಹಿಂದೆ ಆ ನಗುವಿನ ಪಾಲೂ ಇದೆಯೇನೋ ಎಂಬ ಅನುಮಾನ ನನಗಿದೆ. ಸುಳ್ಳಾದರೆ ಕ್ಷಮಿಸು.

ಇನ್ನೊಂದು ಸಂಗತಿಯನ್ನು ನೀನು ಗಮನಿಸಿರಲಾರೆ. ನಾನು ಮೂವತ್ನಾಲ್ಕು ವರ್ಷ ಕರಡು ತಿದ್ದಿದವಳು, ಬೇಡವೆಂದರೂ ಗಮನಕ್ಕೆ ಬರುತ್ತದೆ. ನಮ್ಮ ಚಾಲಕ ಅರವತ್ತರ ಹತ್ತಿರದವನು. ನೀನು ಅವನನ್ನು "ಏನಪ್ಪಾ", "ನಡಿಯಪ್ಪಾ" ಎನ್ನುತ್ತಿದ್ದೆ, ಡಾಕ್ಟರು "ಡ್ರೈವರ್" ಎನ್ನುತ್ತಿದ್ದರು. ಆಕೆ ಮಾತ್ರ "ಯಜಮಾನ್ರೇ" ಎನ್ನುತ್ತಿದ್ದಳು. "ಯಜಮಾನ್ರೇ, ನಿಲ್ಸಿ." "ಯಜಮಾನ್ರೇ, ಬಿಡಿ." ಬಿಡಿ ಎಂದರೆ ಗಾಡಿ ಬಿಡಿ. ಎಲ್ಲ ಬಸ್ಸು, ಲಾರಿ, ಜೀಪುಗಳ ಮಾತು ಅದು. ಮೂರು ದಿನದಲ್ಲಿ ಒಮ್ಮೆಯೂ ಆಕೆ ಯಜಮಾನ್ರೇ ಎನ್ನದೆ ಬಿಡಿ ಎನ್ನಲಿಲ್ಲ.

ಈಗ ಮೂರನೆಯ ದಿನಕ್ಕೆ ಬರುತ್ತೇನೆ. ಮಧ್ಯಾಹ್ನ ಮೂರು ಗಂಟೆ ಇರಬಹುದು. ಕಾಡಿನ ತೆರೆದ ಜೀಪು. ಮುಂದೆ ಚಾಲಕ, ಅವನ ಪಕ್ಕ ನಮ್ಮತ್ತ ತಿರುಗಿ ಕುಳಿತ ಗೈಡ್, ಅವನ ಬೆನ್ನ ಹಿಂದೆ ನೀನು, ನಿನ್ನ ಪಕ್ಕ ನಾನು, ನಮ್ಮ ಹಿಂದೆ ಡಾಕ್ಟರ ದಂಪತಿ. ತಿರುವು ದಾಟುತ್ತಿದ್ದಂತೆ ದಾರಿಯ ಮೇಲೆ ಮೂರು ಆನೆ. ಆಕೆ ಕೈಯೆತ್ತಿದಳು, ಜೀಪು ನಿಂತಿತು. ಮೊದಲೇ ಹೇಳಿದ್ದಳು: ಆನೆ ದಾರಿ ಬಿಡುವವರೆಗೆ ನಾವು ಕಾಯುವುದು, ಅವಸರ ಮಾಡುವ ಹಕ್ಕು ನಮಗಿಲ್ಲ. ಎಂಜಿನ್ ಗುರುಗುಡುತ್ತಿತ್ತು. ದೊಡ್ಡ ಹೆಣ್ಣಾನೆ ಸೊಂಡಿಲು ಕೆಳಗಿಳಿಸಿ ನಮ್ಮನ್ನೇ ನೋಡುತ್ತಿತ್ತು, ಕಿವಿ ಬೀಸುವುದನ್ನು ನಿಲ್ಲಿಸಿತ್ತು. ಕಿವಿ ನಿಂತರೆ ಅದು ಯೋಚಿಸುತ್ತಿದೆ ಎಂದರ್ಥ ಎಂದೂ ಆಕೆ ಹೇಳಿದ್ದಳು.

ನೀನು ಎದ್ದು ನಿಂತೆ. "ಇನ್ನೊಂದ್ಹತ್ತು ಅಡಿ ಅಮ್ಮಾ, ಏನಾಗಲ್ಲ" ಅಂದೆ. ಆಕೆ ತಲೆಯಾಡಿಸಿದಳು. ನೀನು ಬಾಗಿ ಚಾಲಕನ ಭುಜ ತಟ್ಟಿದೆ. "ನಡಿಯಪ್ಪಾ, ಸ್ವಲ್ಪ ಹತ್ರ ತಗೋ." ಅವನು ಗೇರಿನ ಮೇಲೆ ಕೈಯಿಟ್ಟು, ಕಣ್ಣು ಆನೆಯ ಮೇಲಿಟ್ಟು, ಗೈಡ್‌ನ ಮಾತಿಗೆ ಕಾದ. ಆಗ ಆಕೆ ಅಂಗೈಯನ್ನು ನಿನ್ನ ಎದೆಗೆ ಎದುರಾಗಿ ಚಾಚಿ ಅಂದಳು: "ಬೇಡ ಸಾರ್. ಬಿಡಿ." ಅದೇ ಕ್ಷಣ ಹಿಂದಿನ ಆನೆ ಘೀಳಿಟ್ಟಿತು. ಬೇಡ ಎನ್ನುವುದು ಆ ಸದ್ದಿನಲ್ಲಿ ಮುಳುಗಿತು, ಬಿಡಿ ಎನ್ನುವುದು ಉಳಿಯಿತು. ಅವನು ಬಿಟ್ಟ.

ಮುಂದಿನದು ನಿನಗೂ ಗೊತ್ತು. ಹೆಣ್ಣಾನೆ ಬಂದ ರಭಸ. ಡಾಕ್ಟರ ಹೆಂಡತಿಯ ಕೂಗು. ಚಾಲಕ ರಿವರ್ಸ್ ಹಾಕಿದ್ದು, ಹಿಂದಿನ ಚಕ್ರ ಚರಂಡಿಗಿಳಿದು ಜೀಪು ವಾಲಿ ನನ್ನ ಮಂಡಿ ಮುಂದಿನ ಸೀಟಿಗೆ ಬಡಿದದ್ದು, ಸ್ಟೀರಿಂಗ್‌ನಲ್ಲಿ ಸಿಕ್ಕಿ ಅವನ ಮಣಿಕಟ್ಟು ಮುರಿದ ಸದ್ದು. ಆನೆ ಬಾನೆಟ್ಟನ್ನು ಒಮ್ಮೆ ಒತ್ತಿ, ಯಾಕೋ ಸಾಕೆನಿಸಿದಂತೆ ಹಿಂದೆ ಸರಿಯಿತು. ಆ ಹೊತ್ತಿನಲ್ಲೂ ಗೈಡ್ ಎಣಿಸುತ್ತಿದ್ದಳು, ಅಣ್ಣ. ಒಂದು, ಎರಡು, ಮೂರು, ನಾಲ್ಕು, ಯಜಮಾನ್ರು ಐದು.

ನಾನು ಕ್ಲಿನಿಕ್ಕಿನಲ್ಲಿ ಮಂಡಿಯ ಎಕ್ಸ್‌ರೇಗೆ ಕಾಯುತ್ತಿದ್ದಾಗ ಕಂಪನಿಯ ಮ್ಯಾನೇಜರ್ ಹೋಟೆಲಿಗೆ ಹೇಳಿಕೆಯ ಹಾಳೆ ತಂದಿದ್ದನಂತೆ. ನನಗೆ ಅದು ತಿಳಿದದ್ದು ಮನೆಗೆ ಬಂದು ಹನ್ನೆರಡು ದಿನವಾದ ಮೇಲೆ, ಗೈಡ್ ಫೋನ್ ಮಾಡಿದಾಗ. ಆಕೆ ಅಳಲಿಲ್ಲ, ಜಗಳವಾಡಲಿಲ್ಲ. "ಅಮ್ಮಾ, ಮಂಡಿ ಹೇಗಿದೆ?" ಅಂದಳು. ಆಮೇಲೆ, "ನೀವೂ ಹಾಗೇ ಬರೆದ್ರಾ ಅಮ್ಮಾ?" ಅಂದಳು. ನಾನು ಏನನ್ನೂ ಬರೆದಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಹಾಳೆಯ ಫೋಟೋ ಬಂತು. ‘ಆನೆಗಳು ಎದುರಿಗಿರುವಾಗ ಮಾರ್ಗದರ್ಶಿಯು ಬಿಡಿ ಎಂದು ಆಜ್ಞೆ ನೀಡಿದರು.’ ಕೆಳಗೆ ನಾಲ್ಕು ಸಹಿ. ಎರಡನೆಯದು ನನ್ನ ಹೆಸರು. ಕೊನೆಯ ಅಕ್ಷರದ ಬಾಲವನ್ನು ಎಡಕ್ಕೆ ಎಳೆದು ಕೊಕ್ಕೆ ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ.

ಆ ವಾಕ್ಯದಲ್ಲಿ ಕಾಗುಣಿತ ತಪ್ಪಿಲ್ಲ. ಪದವೂ ತಪ್ಪಿಲ್ಲ, ಬಿಡಿ ಎಂದದ್ದು ನಿಜ. ಡಾಕ್ಟರ ಫೋನಿನ ವಿಡಿಯೋದಲ್ಲಿ ಬರೀ ಆಕಾಶ ಅಲ್ಲಾಡುತ್ತದೆ, ಘೀಳು ಕೇಳುತ್ತದೆ, ನಡುವೆ ಬಿಡಿ ಸ್ಪಷ್ಟವಾಗಿದೆ. ಚಾಲಕನೂ ಸುಳ್ಳು ಹೇಳಿಲ್ಲ. "ಬಿಡಿ ಅಂದ್ರು, ಬಿಟ್ಟೆ" ಎಂದಿದ್ದಾನೆ. ಆಕೆ ಅವನನ್ನು ನಿನ್ನ ಹಾಗೆ ಏಕವಚನದಲ್ಲಿ ಕರೆಯುವವಳಾಗಿದ್ದರೆ ಈ ಅನರ್ಥವೇ ಆಗುತ್ತಿರಲಿಲ್ಲ. ಅವನಿಗಾದರೆ ಬಿಡು, ನಿನಗಾದರೆ ಬಿಡಿ, ಗೊಂದಲವೆಲ್ಲಿ? ವಯಸ್ಸಿಗೆ ಕೊಟ್ಟ ಮರ್ಯಾದೆಯನ್ನೇ ತಂದು ಅಪರಾಧವೆಂದು ಬರೆದಿದ್ದೀರಿ. ನಿಮ್ಮ ಹಾಳೆಯಲ್ಲಿ ಆಕೆಯ ಅಂಗೈ ಎಲ್ಲಿದೆ? ನಿನ್ನ ಹತ್ತು ಅಡಿ ಎಲ್ಲಿದೆ? ಅವನ ಭುಜದ ಮೇಲಿದ್ದ ನಿನ್ನ ಕೈ ಎಲ್ಲಿದೆ?

ಸೇತುವೆ ಕುಸಿದ ವರ್ಷ ನೆನಪಿದೆಯೇ? ವಿಚಾರಣಾ ವರದಿಯ ಕರಡು ನನ್ನ ಮೇಜಿಗೇ ಬಂದಿತ್ತು. ನಕ್ಷೆ ಬದಲಿಸಿದವರು ಯಾರು, ಒತ್ತಾಯ ಮಾಡಿದವರು ಯಾರು ಎನ್ನುವುದಕ್ಕೆ ನಾನ್ನೂರು ಪುಟದಲ್ಲಿ ಜಾಗ ಸಿಕ್ಕಿರಲಿಲ್ಲ. ಕೊನೆಯ ಪುಟದಲ್ಲಿ ‘ಮೇಸ್ತ್ರಿಯ ಅಜಾಗರೂಕತೆ’ ಎಂದಿತ್ತು. ನಾನು ಅಜಾಗರೂಕತೆಯ ದೀರ್ಘ ಸರಿಪಡಿಸಿ ಅಚ್ಚಿಗೆ ಕಳಿಸಿದೆ, ನನ್ನ ಕೆಲಸ ಅಷ್ಟೇ ಆಗಿತ್ತು. ಅಂದು ಊಟಕ್ಕೆ ಕುಳಿತವನು ತಟ್ಟೆ ತಳ್ಳಿ ಎದ್ದಿದ್ದೆ ನೀನು. "ಥೂ, ಇವ್ರ ಕೈಗಳೆಲ್ಲ ತೊಳ್ಕೊಂಡಿರೋ ಕೈಗಳು ಕಣೇ. ಸಿಕ್ಕಿದ್ದು ಪಾಪದ ಮೇಸ್ತ್ರಿ" ಎಂದಿದ್ದೆ. ನಾನು ಆ ಅಣ್ಣನ ತಂಗಿ ಎಂದು ಎಷ್ಟು ಜನರಲ್ಲಿ ಹೇಳಿಕೊಂಡು ತಿರುಗಿದ್ದೇನೆ ಗೊತ್ತೇ?

ನನ್ನ ಹೆಸರಿನಲ್ಲಿ ನೀನು ಸಹಿ ಹಾಕಿದ್ದು ಕೆಟ್ಟ ಉದ್ದೇಶದಿಂದಲ್ಲ ಎಂಬುದನ್ನೂ ಬಲ್ಲೆ. ಅಪ್ಪ ಹಾಸಿಗೆ ಹಿಡಿದ ವರ್ಷ ನನ್ನ ಪರೀಕ್ಷೆಯ ಅರ್ಜಿಗೆ ಅಪ್ಪನ ಸಹಿ ಹಾಕಿದವನು ನೀನು. ಅದಿಲ್ಲದಿದ್ದರೆ ನನ್ನ ಓದು ಎಂಟನೆಯ ತರಗತಿಗೆ ಮುಗಿಯುತ್ತಿತ್ತು. ಅಂದಿನಿಂದ ನನ್ನ ಪರವಾಗಿ ಬರೆಯುವುದು ನಿನಗೆ ಉಸಿರಾಡಿದಷ್ಟು ಸಲೀಸು. ಆದರೆ ಅಂದು ಆ ಅಕ್ಷರ ಒಬ್ಬಳಿಗೆ ದಾರಿ ಮಾಡಿಕೊಟ್ಟಿತು. ಈಗ ಇನ್ನೊಬ್ಬಳ ದಾರಿ ಮುಚ್ಚುತ್ತಿದೆ.

ಇಷ್ಟೆಲ್ಲ ಸಿಟ್ಟಿನಲ್ಲಿ ಬರೆದೆ. ಈಗ ಒಮ್ಮೆ ಓದಿದರೆ ನನ್ನ ಬರಹದಲ್ಲೂ ಒಂದು ಸಾಲು ಬಿಟ್ಟುಹೋಗಿದೆ. ಬಿಟ್ಟುಹೋಗಿಲ್ಲ, ಬಿಟ್ಟಿದ್ದೇನೆ. ಕರಡಿನಲ್ಲಿ ಬಿಟ್ಟ ಮಾತು ಸೇರಿಸಲು ನಾವು ಹಂಸಪಾದದ ಗುರುತು ಹಾಕುತ್ತೇವಲ್ಲ, ‘ನೀನು ಎದ್ದು ನಿಂತೆ’ ಎನ್ನುವುದಕ್ಕೆ ಮುಂಚೆ ಒಂದು ಹಂಸಪಾದ ಬೇಕು. ನೀನು ಸುಮ್ಮನೆ ಎದ್ದು ನಿಲ್ಲಲಿಲ್ಲ. ಆನೆಯ ಕಾಲುಗಳ ನಡುವೆ ಮರಿ ಇದೆ ಎಂದು ಡಾಕ್ಟರ ಹೆಂಡತಿ ಪಿಸುಗುಟ್ಟಿದಾಗ ನನ್ನ ಪೊರೆ ಬಂದ ಕಣ್ಣಿಗೆ ಬರೀ ಬೂದು ಬಣ್ಣ ಕಂಡಿತು. ನಾನು ನಿನ್ನ ತೋಳು ಜಗ್ಗಿ, "ಮರಿ ನಂಗೆ ಕಾಣ್ತಾನೇ ಇಲ್ವಲ್ಲೋ" ಎಂದೆ. ಚಿಕ್ಕ ಹುಡುಗಿಯ ಹಾಗೆ ಎರಡು ಸಲ ಎಂದೆ. "ತಾಳು, ತೋರಿಸ್ತೀನಿ" ಅಂದು ನೀನು ಎದ್ದದ್ದು ಆಮೇಲೆ.

ಮ್ಯಾನೇಜರಿಗೆ ನೀನು ಇದನ್ನು ಹೇಳಲಿಲ್ಲ. ಡಾಕ್ಟರಿಗೆ ಹೇಳಲಿಲ್ಲ. ಹೋದ ವಾರ ಫೋನಿನಲ್ಲಿ ನಾನು ನಿನ್ನನ್ನು ಬಾಯಿಗೆ ಬಂದಂತೆ ಅಂದಾಗ, "ಹತ್ರ ಹೋಗೋ ಹಾಗೆ ಮಾಡಿದ್ದು ಯಾರೇ?" ಎಂದು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಅದನ್ನೂ ಕೇಳಲಿಲ್ಲ. ಬಿಟ್ಹಾಕೇ ಅಂದೆ, ಅಷ್ಟೇ. ನೀನು ಉಳಿಸಿದ್ದು ನಿನ್ನನ್ನಷ್ಟೇ ಅಲ್ಲ, ನನ್ನನ್ನೂ. ಇದು ಹೊಳೆದದ್ದು ಫೋನಿಟ್ಟ ಮೇಲೆ, ಆಗಿನಿಂದ ಇವತ್ತಿನವರೆಗೆ ಪೆನ್ನು ಮುಟ್ಟಲಾಗಲಿಲ್ಲ. ನಮ್ಮಿಬ್ಬರ ಅಕ್ಕರೆಯ ಬೆಲೆ ಆಕೆಯ ಕತ್ತಿನ ಮೇಲೆ ಬಿದ್ದಿದೆ. ಇದನ್ನು ನಾನು ಹೊರಲಾರೆ.

ಗುರುವಾರ ನಾನು ಮೊದಲು ಹೇಳುವುದು ನನ್ನ ಆ ಮಾತನ್ನೇ. ಆಮೇಲೆ ನಿನ್ನ ಹತ್ತು ಅಡಿ, ಆಕೆಯ ಅಂಗೈ ಯಾರ ಕಡೆಗಿತ್ತು ಎನ್ನುವುದು. ಸಹಿ ನನ್ನದಲ್ಲ ಎನ್ನುವುದು ಕೊನೆಗೆ. ಹಾಕಿದವರು ಯಾರೆಂದು ಕೇಳಿಯೇ ಕೇಳುತ್ತಾರೆ, ನಾನು ಸುಳ್ಳು ಹೇಳುವುದಿಲ್ಲ. ಸರ್ಕಾರಿ ಕೆಲಸದಲ್ಲಿದ್ದಾಗ ಎಷ್ಟೋ ವಿಚಾರಣೆ ನಡೆಸಿದವನು ನೀನು, ಆ ಕೋಣೆಯಲ್ಲಿ ನಿನ್ನ ಹೆಸರು ಹೇಗೆ ಕೇಳಿಸುತ್ತದೆಂದು ನನಗಿಂತ ಚೆನ್ನಾಗಿ ಬಲ್ಲೆ. ಗುರುವಾರ ವಿಚಾರಣೆ ನಡೆಸುವ ಅಧಿಕಾರಿಯ ಫೋನ್ ನಂಬರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ನನಗಿಂತ ಮುಂಚೆ ನೀನೇ ಅವರಿಗೆ ಹೇಳಿದರೆ ನಾನು ಹೇಳಬೇಕಾದದ್ದು ಒಂದು ಮಾತು ಕಡಿಮೆಯಾಗುತ್ತದೆ. ಹೇಳದಿದ್ದರೆ ನಾನೇ ಹೇಳುತ್ತೇನೆ. ಅದಾದ ಮೇಲೂ ನಾನು ನಿನ್ನ ಮನೆಗೆ ಬರುತ್ತೇನೆ, ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ.

ಹಡಗು ಎರಡೂವರೆಗೆ. ಒಂದು ಗಂಟೆಯವರೆಗೆ ಮನೆಯಲ್ಲಿರುತ್ತೇನೆ.

ಸಿಟ್ಟನ್ನು ಅತ್ತಿಗೆಯ ಮೇಲೆ ತೀರಿಸಬೇಡ, ಮಾತ್ರೆ ತಪ್ಪಿಸಬೇಡ. ನನ್ನ ಆಯಸ್ಸಿನಲ್ಲಿ ಉಳಿದದ್ದರಲ್ಲಿ ಅರ್ಧ ನಿನಗಿರಲಿ. ನಾಳೆ ಸಮುದ್ರ ಶಾಂತವಾಗಿರಲೆಂದು ನೀನೂ ನನಗಾಗಿ ಹಾರೈಸು.

ನಿನ್ನ ತಂಗಿ