ಪುಡಿ ಮಾಡಬಾರದೆಂದು ಯಾರು ಹೇಳಬೇಕಿತ್ತು?

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

ನನಗೆ ಮಾತ್ರೆ ನುಂಗಲು ಬರುವುದಿಲ್ಲ. ಇಪ್ಪತ್ತೆರಡರ ಗಂಡಾಳು, ಟೈಲ್ಸ್ ಕೂರಿಸುವ ಕೆಲಸದವನು. ಮಾತ್ರೆಯೊಂದು ನಾಲಿಗೆಯ ಮೇಲೆ ಬಿದ್ದರೆ ಸಾಕು, ಗಂಟಲು ಬಾಗಿಲು ಹಾಕಿಕೊಳ್ಳುತ್ತದೆ. ಜೊತೆಗಾರರು ಆಡಿಕೊಳ್ಳುತ್ತಾರೆಂದು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಈಗ ಊರಿಗೆಲ್ಲ ಹೇಳುತ್ತಿದ್ದೇನೆ. ಏಕೆಂದರೆ ಪುಡಿ ಮಾಡಬಾರದ ಮಾತ್ರೆಯನ್ನು ಪುಡಿ ಮಾಡಿ ಗಂಡನ ಜೀವಕ್ಕೆ ಕುತ್ತು ತಂದಳು ಎಂದು ನಿಮ್ಮ ಇಲಾಖೆ ನನ್ನ ಚಿಕ್ಕಮ್ಮನ ಮೇಲೆ ತಪ್ಪು ಹೊರಿಸಿದೆ. ಆಕೆ ಮಾತ್ರೆ ಪುಡಿ ಮಾಡಲು ಕಲಿತದ್ದು ನನಗಾಗಿ. ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ, ಜೇನುತುಪ್ಪದಲ್ಲಿ ಕಲಸಿ, ನನ್ನ ಮೂಗು ಹಿಡಿದು ನೆಕ್ಕಿಸುತ್ತಿದ್ದಳು. ನಮ್ಮ ಮನೆಯಲ್ಲಿ ಮಾತ್ರೆ ತಿನ್ನುವ ಕ್ರಮವೇ ಅದು.

ಚಿಕ್ಕಪ್ಪ ದರ್ಜಿ. ಎರಡು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಅವರಿಗೆ ನೀರು ಕುಡಿದರೂ ನೆತ್ತಿಗೇರುತ್ತದೆ. ಅನ್ನವನ್ನೂ ನುಣ್ಣಗೆ ಕಿವುಚಿ ಕೊಡಬೇಕು. ರಕ್ತದೊತ್ತಡಕ್ಕೆ ಮೂರು ಹೊತ್ತಿನ ಮಾತ್ರೆ ಬರೆದಿದ್ದರು, ಪುಡಿ ಮಾಡಿ ಕೊಡಬಹುದು ಎಂದು ಆಸ್ಪತ್ರೆಯ ನರ್ಸಮ್ಮನೇ ಹೇಳಿದ್ದರು. ಕುಟ್ಟಾಣಿ ಮತ್ತೆ ಅಟ್ಟದಿಂದ ಕೆಳಗಿಳಿಯಿತು. "ನಿನ್ನ ಜೇನುತುಪ್ಪ ತಿನ್ನೋಕೆ ನಂಗೂ ಒಂದು ಯೋಗ ಬಂತು ನೋಡೋ" ಎಂದು ಚಿಕ್ಕಪ್ಪ ನನ್ನನ್ನೇ ಚುಡಾಯಿಸಿದ್ದರು.

ಕಳೆದ ಬೇಸಿಗೆಯಲ್ಲಿ ಬೇರೆ ಡಾಕ್ಟರು ಬಂದರು. ಮೂರು ಸಲ ಯಾಕೆ, ದಿನಕ್ಕೊಂದೇ ಸಾಕು ಎಂದು ಬರೆದುಕೊಟ್ಟರು. ಅದೇ ಹೆಸರು, ಅದೇ ತಿಳಿಗುಲಾಬಿ ಬಣ್ಣ. ಹೆಸರಿನ ಬಾಲಕ್ಕೆ ಎರಡು ಇಂಗ್ಲಿಷ್ ಅಕ್ಷರ ಹೆಚ್ಚು. ರೋಗಿಗೆ ನುಂಗಲು ಆಗುತ್ತದೆಯೇ ಎಂದು ಡಾಕ್ಟರು ಕೇಳಲಿಲ್ಲ. ಮೆಡಿಕಲ್ ಶಾಪಿನವನು ಸ್ಟ್ರಿಪ್ಪನ್ನು ಕತ್ತರಿಯಿಂದ ಅರ್ಧ ಮಾಡಿ ಕೊಟ್ಟ. ಆ ಎರಡು ಅಕ್ಷರ ಅಂಗಡಿಯಲ್ಲೇ ಉಳಿದ ಇನ್ನರ್ಧದ ಮೇಲಿದ್ದವು.

ಚಿಕ್ಕಮ್ಮ ಎಂದಿನಂತೆ ಕುಟ್ಟಿದಳು. ಚಿಕ್ಕಪ್ಪ ಎಂದಿನಂತೆ ನೆಕ್ಕಿ, ಹೊಲಿಗೆ ಯಂತ್ರದ ಮುಂದೆ ಕುಳಿತು ಕಾಜ ಹಾಕತೊಡಗಿದರು. ಸ್ವಲ್ಪ ಹೊತ್ತಿಗೆ "ಇವಳೇ, ಕಣ್ಣು ಕತ್ತಲೆ ಬರ್ತಿದೆ ಕಣೇ" ಎಂದವರು ಕುರ್ಚಿಯಿಂದ ಜಾರಿದರು. ಹಣೆ ಯಂತ್ರದ ಅಂಚಿಗೆ ಬಡಿಯಿತು. ಮೈ ತಣ್ಣಗೆ, ನಾಡಿ ಸಿಕ್ಕುತ್ತಿಲ್ಲ. ಉಳಿದುಕೊಂಡದ್ದು ನಮ್ಮ ಪುಣ್ಯ.

ಅಂದು ತುರ್ತು ಚಿಕಿತ್ಸೆಯ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. ಸಾಮಾನ್ಯ ಮಾತ್ರೆ ಹೊಟ್ಟೆಗೆ ಬಿದ್ದ ತಕ್ಷಣ ಕರಗಿ ಕೆಲಸ ಮಾಡಿ ಮುಗಿಸುತ್ತದೆ. ಅದಕ್ಕೇ ಮೂರು ಹೊತ್ತು. ಇನ್ನೊಂದು ಬಗೆಯದು ನಿಧಾನಕ್ಕೆ ಬಿಡುವಂಥದು, ಹೆಸರಿನ ಬಾಲದ ಆ ಎರಡು ಅಕ್ಷರದ ಅರ್ಥ ಅದೇ ಅಂತೆ. ಇಡೀ ದಿನದ ಔಷಧ ಒಂದೇ ಮಾತ್ರೆಯಲ್ಲಿರುತ್ತದೆ, ಅದು ಸ್ವಲ್ಪಸ್ವಲ್ಪವೇ ಹೊರಗೆ ಬರುವಂತೆ ಮಾತ್ರೆಯನ್ನು ಕಟ್ಟಿರುತ್ತಾರೆ. ಅಂಥ ಕೆಲವನ್ನು ಗೆರೆಯಿದ್ದಲ್ಲಿ ಎರಡಾಗಿ ಮುರಿಯಬಹುದಂತೆ, ಕುಟ್ಟುವಂತಿಲ್ಲ, ಜಗಿಯುವಂತಿಲ್ಲ. ಕುಟ್ಟಿದರೆ ಆ ಕಟ್ಟು ಒಡೆದು ದಿನದ ಔಷಧವೆಲ್ಲ ಒಟ್ಟಿಗೆ ಮೈಗೆ ನುಗ್ಗುತ್ತದೆ. ಎಚ್ಚರವಾದ ಮೇಲೆ ಚಿಕ್ಕಪ್ಪ ಇದನ್ನು ತಮ್ಮ ಭಾಷೆಗೆ ತಂದುಕೊಂಡರು: "ಉಂಡೆಯಿಂದ ಎಳೆ ಎಳೆಯಾಗಿ ಬರಬೇಕಾದ ದಾರ ಒಂದೇ ಸಲ ಗಂಟಲಿಗೆ ಸುತ್ತಿಕೊಳ್ತು ಅನ್ನು." ದರ್ಜಿಗೆ ಒಂದು ಸಾಲಿನಲ್ಲಿ ಅರ್ಥವಾದದ್ದನ್ನು ಸ್ಟ್ರಿಪ್ಪಿನ ಮೇಲೆ ಒಂದು ಸಾಲಿನಲ್ಲಿ ಬರೆಸಲು ನಿಮಗಿರುವ ಅಡ್ಡಿಯಾದರೂ ಏನು?

ಇದನ್ನು ಕೇಳಲೆಂದೇ ದೂರು ಬರೆದುಕೊಂಡು ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ದರ್ಶನಭಾಗ್ಯ ಸಿಗಲಿಲ್ಲ. ನಿಮ್ಮ ಕೈಕೆಳಗಿನ ಅಧಿಕಾರಿ ಫ್ಯಾನಿನ ಕೆಳಗೆ ಕುಳಿತು, ನಾನು ತೋರಿಸಿದ ಅರ್ಧ ಸ್ಟ್ರಿಪ್ಪನ್ನು ನನ್ನತ್ತಲೇ ತಳ್ಳಿದರು.

"ಪೂರ್ತಿ ಸ್ಟ್ರಿಪ್ ಮೇಲೆ ಅಕ್ಷರ ಇದೆ. ನಿಯಮದ ಪ್ರಕಾರ ಎಲ್ಲ ಸರಿಯಾಗಿದೆ. ಓದ್ಕೊಳ್ಳೋದು ನಿಮ್ಮ ಜವಾಬ್ದಾರಿ."

"ನಮಗೆ ಕೊಟ್ಟಿದ್ದು ಅರ್ಧ, ಸಾರ್."

"ಪೂರ್ತಿ ತಗೋಬೇಕಿತ್ತು. ನೀನು ಎಷ್ಟನೇ ಕ್ಲಾಸು?"

"ಒಂಬತ್ತು. ಮುಗಿಸಿಲ್ಲ."

"ಅದಕ್ಕೇ" ಎಂದರು ಅವರು. ಆಮೇಲೆ ನಮ್ಮ ದೂರು 'ರೋಗಿಯ ಕಡೆಯವರ ಅಜಾಗರೂಕತೆ' ಎಂಬ ಷರಾದೊಂದಿಗೆ ವಜಾ ಆಯಿತು.

ಮಾನ್ಯರೇ, ಶಾಲೆ ಬಿಟ್ಟದ್ದು ನಾನು. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಚಿಕ್ಕಮ್ಮ ಏನು ಪಾಪ ಮಾಡಿದಳು? ಆಕೆ ನಮ್ಮ ಭಾಷೆಯ ಪತ್ರಿಕೆಯನ್ನು ಜಾಹೀರಾತು ಸಮೇತ ಓದುವವಳು. ನಮ್ಮ ಭಾಷೆಯಲ್ಲಿ 'ಕುಟ್ಟಬೇಡಿ' ಎಂದಿದ್ದರೆ ಓದದೆ ಬಿಡುತ್ತಿದ್ದಳೇ? ಎರಡು ಅಕ್ಷರ ನೋಡಿ ಅದರೊಳಗಿನ ಶಾಸ್ತ್ರವನ್ನೆಲ್ಲ ಊಹಿಸಿಕೊಳ್ಳುವುದಕ್ಕೆ ಯಾವ ತರಗತಿ ಪಾಸಾಗಿರಬೇಕು? ನಾನು ಹೊರುವ ಟೈಲ್ಸ್ ಪೆಟ್ಟಿಗೆಯ ಮೇಲೆ ಒಡೆದ ಲೋಟದ ಚಿತ್ರವಿರುತ್ತದೆ. ಓದು ಬಾರದ ಹಮಾಲಿಯೂ ಅದನ್ನು ನೋಡಿ ಮೆಲ್ಲಗೆ ಇಳಿಸುತ್ತಾನೆ. ಟೈಲ್ಸ್ ಒಡೆದರೆ ಇನ್ನೊಂದು ತರಬಹುದು. ಚಿಕ್ಕಪ್ಪನನ್ನು ಎಲ್ಲಿಂದ ತರಲಿ? ನೆಲಕ್ಕೆ ಹಾಸುವ ಕಲ್ಲಿಗೆ ಇರುವ ಮರ್ಯಾದೆ ಹೊಟ್ಟೆಗೆ ಹಾಕುವ ಮದ್ದಿಗೆ ಯಾಕಿಲ್ಲ?

ಈಗ ಚಿಕ್ಕಪ್ಪನಿಗೆ ಮತ್ತೆ ಮೂರು ಹೊತ್ತಿನ ಹಳೆಯ ಮಾತ್ರೆಯೇ. ಅದನ್ನು ಕುಟ್ಟಬಹುದು. ಆದರೆ ಚಿಕ್ಕಮ್ಮ ಮುಟ್ಟುವುದಿಲ್ಲ. ಕುಟ್ಟಾಣಿಯನ್ನು ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾಳೆ. "ಇದೂ ಅದೇ ಬಣ್ಣ, ಅದೇ ಹೆಸರು. ಇದು ಅದಲ್ಲ ಅಂತ ನಂಗೆ ಯಾರು ಹೇಳ್ತಾರೆ?" ಎನ್ನುತ್ತಾಳೆ. "ನಾನು ಹೇಳ್ತೀನಲ್ಲ ಚಿಕ್ಕಮ್ಮ" ಎಂದರೆ, "ನೀನು ಹೇಳ್ಬೇಡ, ಅದು ಹೇಳ್ಲಿ" ಎಂದು ಸ್ಟ್ರಿಪ್ಪಿನತ್ತ ಬೆರಳು ತೋರಿಸುತ್ತಾಳೆ. ಹಾಗಾಗಿ ಇಷ್ಟು ದಿನ ಚಮಚದ ಬೆನ್ನಿನಲ್ಲಿ ಪುಡಿ ಮಾಡಿ ಕೊಟ್ಟವನು ನಾನೇ. ಹತ್ತಿರದ ಕೆಲಸಗಳನ್ನಷ್ಟೇ ಒಪ್ಪಿಕೊಂಡೆ, ಮಧ್ಯಾಹ್ನ ಮನೆಗೆ ಓಡಿ ಬಂದೆ. ಈಗ ಹತ್ತಿರದಲ್ಲಿ ಕೆಲಸವಿಲ್ಲ. ಮೇಸ್ತ್ರಿ ದೂರದೂರಿನ ಕೆಲಸಕ್ಕೆ ಕರೆದಿದ್ದಾನೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನಿಧಾನಕ್ಕೆ ಬಿಡುವ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಪ್ರತಿ ಗುಳಿಯ ಹಿಂದೆಯೂ, ಕತ್ತರಿ ಎಲ್ಲಿ ಆಡಿದರೂ ಉಳಿಯುವಂತೆ, 'ಕುಟ್ಟಬೇಡಿ, ಜಗಿಯಬೇಡಿ' ಎಂದು ನಮ್ಮ ಭಾಷೆಯಲ್ಲಿ ಅಚ್ಚಾಗಲಿ. ಜೊತೆಗೆ ಅಡ್ಡಗೆರೆ ಎಳೆದ ಒಂದು ಕುಟ್ಟಾಣಿಯ ಚಿತ್ರವಿರಲಿ. ಮಾತ್ರೆ ಕೊಡುವವರು 'ನುಂಗಲು ಆಗುತ್ತಾ?' ಎಂದು ಕೇಳಿಯೇ ಕೊಡಬೇಕೆಂಬ ಆಜ್ಞೆ ಹೊರಡಲಿ. ನಮ್ಮ ದೂರಿನ ಮೇಲಿನ ಆ ಷರಾವನ್ನು ಹೊಡೆದುಹಾಕಿ. ಅಜಾಗರೂಕತೆ ಯಾರದೆಂದು ಬರೆಯಲೇಬೇಕಿದ್ದರೆ, ನಿಮ್ಮ ಕಚೇರಿಯ ಹೆಸರನ್ನು ಬರೆದುಕೊಳ್ಳಿ.

ಇಂತಿ,
ಎಷ್ಟನೇ ಕ್ಲಾಸೆಂದು ಕೇಳಿಸಿಕೊಂಡು, ನಿಜವನ್ನೇ ಹೇಳಿ ಬಂದವನು

ಉತ್ತರವನ್ನು ಚಿಕ್ಕಮ್ಮನ ಹೆಸರಿಗೇ ಬರೆಯಿರಿ, ನಮ್ಮ ಭಾಷೆಯಲ್ಲಿ. ಆಕೆ ಓದಿಕೊಳ್ಳುತ್ತಾಳೆ. ನಾನು ನಾಳೆ ಬೆಳಿಗ್ಗೆ ಹೊರಡುತ್ತೇನೆ.