ಹಿಂದಿನ ಸೀಟಿನ ಹೀಟರ್

ಜನವರಿ ೯, ಶುಕ್ರವಾರ

ಮೈಯೆಲ್ಲ ಉರಿಯುತ್ತಿದೆ. ಬರೆಯದಿದ್ದರೆ ನಿದ್ದೆ ಹತ್ತುವುದಿಲ್ಲ.

ಎಂಜಿನ್ನಿನಿಂದ ಹಿಂದಿನ ಸೀಟಿನ ಹೀಟರಿಗೆ ಬಿಸಿನೀರು ಒಯ್ಯುವ ಹೋಸುಗಳು ಹಳೆಯವಾಗಿ, ಬಿರುಕು ಬಿಟ್ಟು, ನಮ್ಮ ಜೀಪಿನಡಿ ತೊಟ್ಟಿಕ್ಕುತ್ತಿದ್ದವು. ಇವತ್ತು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಾನೆಟ್ಟಿನಿಂದ ತಲೆಯೆತ್ತಿ ಕೇಳಿದ: "ಹೊಸಾವು ಹಾಕ್ಲಾ ಸಾರ್, ಇಲ್ಲಾ ಹಿಂದಿನ ಲೈನ್ ಬಂದ್ ಮಾಡಿ ಇಲ್ಲೇ ಜೋಡಿಸಿಬಿಡ್ಲಾ? ಹಿಂದೆ ಯಾರಾದ್ರೂ ಕೂರ್ತಾರಾ?"

"ಯಾರೂ ಕೂರಲ್ಲ, ಬಂದ್ ಮಾಡಿ" ಎಂದರು ನನ್ನ ಗಂಡ ಎನ್ನಿಸಿಕೊಂಡ ಮಹಾರಾಯರು.

ಆಗ ನಾನೆಲ್ಲಿದ್ದೆ? ಹಿಂದಿನ ಸೀಟಿನಲ್ಲಿ! ಎಂಜಿನ್ನಿಗೆ ಹಾಕುವ ಕೂಲಂಟಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು!

ಮದುವೆಯಾದಾಗಿನಿಂದ ಮುಂದಿನ ಸೀಟು ಅತ್ತೆಯವರದು. ಅವರಿಗೆ ಮಂಡಿನೋವು, ಕಾಲು ಚಾಚಬೇಕು. ಅದಕ್ಕೆ ನನ್ನ ತಕರಾರಿಲ್ಲ; ಇವತ್ತು ಅವರು ಬರದಿದ್ದರೂ ರೂಢಿಯಂತೆ ಹಿಂದೆಯೇ ಕೂತಿದ್ದೆ. ಆದರೆ ನಾನೇನು ಜಾಕಿಯೇ, ಟೂಲ್ ಬಾಕ್ಸೇ?

ಮೆಕ್ಯಾನಿಕ್ ನನ್ನನ್ನು ನೋಡಿದ, ಅವರನ್ನು ನೋಡಿದ, ಆಮೇಲೆ ತಲೆ ತಗ್ಗಿಸಿ ಕ್ಲಿಪ್ಪು ಬಿಗಿದ. ಪರರ ಮುಂದೆ ರಂಪ ಬೇಡವೆಂದು ಹಲ್ಲು ಕಚ್ಚಿ ಕೂತೆ. ಮನೆ ಮುಟ್ಟುವಷ್ಟರಲ್ಲಿ ಚಳಿಗೆ ಪಾದ ಮರಗಟ್ಟಿತ್ತು.

ಒಳಗೆ ಬಂದವಳೇ ಕೇಳಿಬಿಟ್ಟೆ. ಅದಕ್ಕೆ, "ನೀನು ಯಾವತ್ತೂ ಚಳಿ ಅಂದೇ ಇಲ್ವಲ್ಲೇ" ಅಂತಾರೆ!

"ಹೀಟರ್ ಇತ್ತಲ್ರೀ, ಯಾಕೆ ಅನ್ಲಿ?" ಎಂದೆ.

ಅವರು ಟಿವಿಯ ಸದ್ದು ಜಾಸ್ತಿ ಮಾಡಿದರು. ಒಳಕೋಣೆಯಿಂದ ಅತ್ತೆ, "ಲೋ, ಅವಳು ಕೂರೋದು ಎಲ್ಲಿ ಅಂದ್ಕೊಂಡಿದ್ದೆ?" ಎಂದು ಗದರಿದ್ದು ಟಿವಿಯ ಸದ್ದಿಗೂ ಮೀರಿ ಕೇಳಿಸಿತು.

ನಾಳೆ ಬೆಳಗಿನ ಚಳಿಯಲ್ಲೇ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಅವರು ಮುಂದೆಯೇ ಕೂರಲಿ. ಜೀಪಿನ ಕೀ ನನ್ನ ದಿಂಬಿನಡಿ ಇದೆ, ಓಡಿಸಲು ನನಗೂ ಬರುತ್ತದೆ. ಇವರು ಬರುವುದಾದರೆ ಬರಲಿ, ಹಿಂದೆ, ಆ ಯಾರೂ ಕೂರದ ಸೀಟಿನಲ್ಲಿ.