ಎಡರೆಕ್ಕೆಯ ಹಂಸ

ಭಾನುವಾರ, ಸಂಜೆ

ಪ್ರೀತಿಯ ನಿಮಗೆ,

(ಮೊದಲ ಪದ ಅಭ್ಯಾಸಬಲದಿಂದ ಬಂದದ್ದು, ಹಿಗ್ಗಬೇಡಿ.)

ನಾನು ಕ್ಷೇಮ. ನೀವು ಜಗಳವಾಡಿಕೊಂಡು ಆ ಹೋಟೆಲಿನ ತೋಟದ ಹಕ್ಕಿಗಳನ್ನು ನೋಡಿಕೊಳ್ಳಲು ಹೋದ ಮೇಲೆ ನಾನಾಗಿ ಬರೆಯುತ್ತಿರುವ ಮೊದಲ ಕಾಗದ ಇದು. ಅದೂ ಒಂದೇ ಒಂದು ಪ್ರಶ್ನೆ ಕೇಳಲಿಕ್ಕೆ. ನಿಮ್ಮ ಹೋಟೆಲಿನ ಹಂಸಗಳೆಲ್ಲ ಇವೆಯೇ? ಒಂದೂ ಕಡಿಮೆಯಾಗಿಲ್ಲ ತಾನೆ?

ಹೋದ ವಾರ ಕೊಳದಲ್ಲಿ ನನ್ನ ಹೆಬ್ಬಾತುಗಳ ನಡುವೆ ಒಂದು ಹೊಸ ಹಕ್ಕಿ ಕಾಣಿಸಿತು. ಯಾರದೋ ಮನೆಯ ಹೆಬ್ಬಾತು ತಪ್ಪಿಸಿಕೊಂಡು ಬಂದಿದೆ ಎಂದುಕೊಂಡೆ. ಆದರೆ ನನ್ನವು ದಡ ಹತ್ತಿ ಹುಲ್ಲು ಕೀಳುವಾಗ ಇದು ನೀರಿನಲ್ಲೇ ಉಳಿದು, ಉದ್ದನೆಯ ಕತ್ತನ್ನು ತಳಕ್ಕಿಳಿಸಿ ಮೇಯುತ್ತಿತ್ತು. ಕಾಲು ಕಪ್ಪು, ಕೊಕ್ಕಿನ ಬುಡದಲ್ಲಿ ಕಪ್ಪು ಗಂಟು. ಪಕ್ಕದ ಬೀದಿಯ ಟೀಚರಮ್ಮ ದುರ್ಬೀನು ಹಿಡಿದು ಬಂದು, ಇದು ಹಂಸ, ಹಿಮ ಬೀಳುವ ನಾಡಿನಿಂದ ದಾರಿ ತಪ್ಪಿ ಬಂದಿದೆ ಎಂದು ಸಾರಿಬಿಟ್ಟರು. "ಇನ್ಮೇಲೆ ನಿಮ್ಮ ಕೊಳಕ್ಕೆ ಒಂದು ಬುಟ್ಟಿ ಮಣ್ಣೂ ಬೀಳೋದಿಲ್ಲ, ಧೈರ್ಯವಾಗಿರಿ" ಎಂದರು.

ಕೊಳ ಮುಚ್ಚಿ ಬಸ್ ನಿಲ್ದಾಣ ಕಟ್ಟುವ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬೇಕು. ಹಾಗಾದರೆ ಹೆಬ್ಬಾತುಗಳನ್ನು ಮಾರಿ ನಾನು ಕಂಡವರ ಮನೆಯ ಪಾತ್ರೆ ತಿಕ್ಕಬೇಕು. ಕಾಡುಹಂಸ ಇಳಿಯುವ ನೀರನ್ನು ಮಾತ್ರ ಮುಚ್ಚುವಂತಿಲ್ಲವಂತೆ. ಅದನ್ನು ಕಣ್ಣಾರೆ ನೋಡಲು ಬುಧವಾರ ಪಕ್ಷಿ ಇಲಾಖೆಯ ಅಧಿಕಾರಿ ಬರುತ್ತಾರೆ.

ಬೀದಿಯವರೆಲ್ಲ ಹಿಗ್ಗಿದರು. ನನಗೆ ಮಾತ್ರ ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಿ ಅಭ್ಯಾಸವಿಲ್ಲ. ಕಾಳಿನ ಡಬ್ಬ ಅಲ್ಲಾಡಿಸಿದೆ. ಹಿಮದ ನಾಡಿನ ಮಹಾರಾಣಿ ನನ್ನ ಹೆಬ್ಬಾತುಗಳನ್ನು ತಳ್ಳಿಕೊಂಡು ಎಲ್ಲರಿಗಿಂತ ಮೊದಲು ಬಂದಳು. ತಿನ್ನುತ್ತಿರುವಾಗ ಮೆಲ್ಲಗೆ ಎಡರೆಕ್ಕೆ ಬಿಡಿಸಿ ನೋಡಿದೆ. ಹಾರುವ ಗರಿಗಳನ್ನು ಕತ್ತರಿಸಲಾಗಿದೆ. ತುದಿಯ ಎರಡನ್ನು ಮಾತ್ರ ಹಾಗೇ ಬಿಟ್ಟಿದೆ, ರೆಕ್ಕೆ ಮಡಚಿದಾಗ ಅಂದ ಕೆಡಬಾರದಲ್ಲ.

ಸಾಕಿದ ಹಕ್ಕಿ ಹಾರಿಹೋಗದಂತೆ ನಮ್ಮ ಕಸುಬಿನವರೆಲ್ಲ ಬಲರೆಕ್ಕೆಯ ಗರಿಯನ್ನು ಸಾಲಾಗಿ ಕತ್ತರಿಸುತ್ತಾರೆ. ಎಡಗೈಯಲ್ಲಿ ಕತ್ತರಿ ಹಿಡಿದು, ಎಡರೆಕ್ಕೆಯನ್ನೇ ಆರಿಸಿ, ತುದಿಯ ಎರಡು ಗರಿ ಉಳಿಸುವ ಶೋಕಿ ಒಬ್ಬರಿಗೇ ಇದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿರಬೇಕು, ಒಳಗೆ ಏನಾಗಿದ್ದರೂ ಪರವಾಗಿಲ್ಲ ಎನ್ನುವುದು ನಿಮ್ಮ ಹುಟ್ಟುಗುಣ. ನಮ್ಮ ಸಂಸಾರವನ್ನೂ ಹಾಗೇ ನಡೆಸಿದಿರಿ.

ಯಾಕೆ ತಂದು ಬಿಟ್ಟಿರಿ? ಕೊಳ ಉಳಿಸಿಕೊಟ್ಟೆ ಎಂದು ನಾಳೆ ನನ್ನೆದುರು ಮೀಸೆ ತಿರುವಲಿಕ್ಕೋ? ನಾನೇ ಸೋತು ಕರೆಯಲಿ ಎಂದೋ? ಅಥವಾ ಸಿಕ್ಕಿಬಿದ್ದರೆ ಸುಳ್ಳಿಯೆಂಬ ಹೆಸರು ನನಗೆ ಬರಲಿ ಎಂದೋ? ಅಧಿಕಾರಿ ರೆಕ್ಕೆ ಬಿಡಿಸಿ ನೋಡಿದರೆ ಕೊಳವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಇಷ್ಟು ದಿನ ನನ್ನ ಹೆಬ್ಬಾತುಗಳನ್ನು ತಮ್ಮ ಪಾಲಿನ ಸವತಿಯರೆಂದು ಹಂಗಿಸಿದವರು ಅವುಗಳಿಗಾಗಿ ಕೆಲಸವನ್ನೇ ಪಣಕ್ಕಿಟ್ಟರು ಎಂದು ನಂಬಲು ನನಗೆ ಭಯವಾಗುತ್ತದೆ. ನಂಬಿ ಒಮ್ಮೆ ಪೆಟ್ಟು ತಿಂದವಳು ನಾನು.

ಮಂಗಳವಾರದೊಳಗೆ ಬಂದು ನಿಮ್ಮ ಹಕ್ಕಿಯನ್ನು ತೆಗೆದುಕೊಂಡು ಹೋಗಿ. ಬರದಿದ್ದರೆ ಅಧಿಕಾರಿಯ ಮುಂದೆ ನಾನೇ ಆ ರೆಕ್ಕೆ ಬಿಡಿಸಿ, ಯಾರ ಕೈಚಳಕ ಎಂದೂ ಹೇಳುತ್ತೇನೆ.

ಇಂತಿ,
ನೀವೇ ಹೆಸರಿಟ್ಟ
ಬಾತಿನಮ್ಮ

ತಾ.ಕ.: ಮೇಲಿನ ಬೆದರಿಕೆ ನಂಬಿ ಓಡಿಬರಬೇಡಿ, ನಿಧಾನವಾಗಿ ಬನ್ನಿ. ಹಂಸ ಇವತ್ತು ಬೆಳಿಗ್ಗೆಯಿಂದ ನಮ್ಮ ಬಚ್ಚಲುಮನೆಯಲ್ಲಿದೆ. ಹಾರಿಹೋಯಿತು ಎಂದು ಟೀಚರಮ್ಮನಿಗೆ ಹೇಳಿದೆ. ಕಾಡುಹಕ್ಕಿ ಎನ್ನಲು ಇನ್ನೇನು ಬೇಕು ಎಂದು ಅವರು ಆಗಲೇ ಅಧಿಕಾರಿಗೆ ಬರೆದೂ ಆಯಿತು. ಹಕ್ಕಿ ನನ್ನ ಕೈಯಿಂದ ಸರಿಯಾಗಿ ತಿನ್ನುತ್ತಿಲ್ಲ. ಹೊರಬಾಗಿಲು ಸದ್ದಾದಾಗಲೆಲ್ಲ ಕತ್ತೆತ್ತಿ ನೋಡುತ್ತದೆ. ನಾನೂ ನೋಡುತ್ತೇನೆ.